ಗ್ರಂಥಋಣದ ಲೆಕ್ಕ ಮತ್ತು ಉಲ್ಲೇಖ ನಿರ್ವಹಣಾ ತಂತ್ರಾಂಶಗಳು

ಶ್ರವಣಬೆಳಗೊಳದ ಶಾಸನಗಳು ಮೂರು ಮುಖ್ಯ ಆವೃತ್ತಿಗಳಲ್ಲಿ ಪ್ರಕಟವಾಗಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಹೊರತಂದ ಸಂಪುಟದಲ್ಲಿ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ ಅವರು 1923ರಲ್ಲಿ ಅದನ್ನು ಪರಿಷ್ಕರಿಸಿ ಪ್ರಕಟಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊಸದಾಗಿ ಸಂಪಾದಿಸಿ ಹೊರತಂದಾಗ ಅದು 573 ಆಯಿತು. ಮೂರೂ ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯ ಎರಡನೆಯ ಸಂಪುಟವೆಂದೇ ವಿದ್ವಾಂಸರಲ್ಲಿ ಪರಿಚಿತವಾಗಿವೆ. ಶಾಸನಗಳ ಕ್ರಮಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ, ಸಂಶೋಧಕರೊಬ್ಬರು ‘ಎ.ಕ. 2, ಸಂಖ್ಯೆ 59’ ಎಂದಷ್ಟೇ ಬರೆದು ಮುಂದಕ್ಕೆ ಹೋದರೆ, ಮೂರು ಆವೃತ್ತಿಗಳಲ್ಲಿ ಯಾವುದರ 59ನೆಯ ಶಾಸನ ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಆ ಶಾಸನದ ಮೇಲೆ ಕಟ್ಟಿದ ವಾದವನ್ನು ಪರೀಕ್ಷಿಸುವ ದಾರಿಯೂ ಅಲ್ಲಿಗೆ ಮುಚ್ಚಿಹೋಗುತ್ತದೆ. ಆವೃತ್ತಿಯ ವರ್ಷವೆಂಬ ನಾಲ್ಕು ಅಂಕಿಗಳನ್ನು ಸೇರಿಸಿದ್ದರೆ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ.

ಬರಹದಲ್ಲಿ ಬಂದ ಒಂದು ಮಾತಿಗೆ, ಅಂಕಿಗೆ ಅಥವಾ ಅಭಿಪ್ರಾಯಕ್ಕೆ ಆಧಾರ ಎಲ್ಲಿದೆ ಎಂಬುದನ್ನು ತೋರಿಸಿಕೊಡುವ ಸೂಚನೆಯೇ ಉಲ್ಲೇಖ. ಅದು ಪುಟದ ಕೆಳಗೆ ಅಡಿಟಿಪ್ಪಣಿಯಾಗಿ, ಅಧ್ಯಾಯದ ಕೊನೆಯಲ್ಲಿ ಕೊನೆಟಿಪ್ಪಣಿಯಾಗಿ, ಇಲ್ಲವೇ ವಾಕ್ಯದ ನಡುವೆಯೇ ಆವರಣದೊಳಗೆ ಲೇಖಕರ ಹೆಸರು ಮತ್ತು ವರ್ಷವಾಗಿ ಬರಬಹುದು. ಹೀಗೆ ಬಳಸಿಕೊಂಡ ಆಕರಗಳ ಪೂರ್ಣ ವಿವರಗಳನ್ನು ಒಂದು ಕ್ರಮದಲ್ಲಿ ಜೋಡಿಸಿಕೊಟ್ಟ ಪಟ್ಟಿಯನ್ನು ಕನ್ನಡದ ಮಹಾಪ್ರಬಂಧಗಳು ಗ್ರಂಥಋಣ, ಆಕರಸೂಚಿ, ಪರಾಮರ್ಶನ ಗ್ರಂಥಗಳು ಮುಂತಾದ ಹೆಸರುಗಳಿಂದ ಕರೆಯುತ್ತವೆ. ಆಕರಗಳ ವಿವರಗಳನ್ನು ಒಂದೆಡೆ ಕೂಡಿಸಿಟ್ಟು, ಬರೆಯುವಾಗ ಬೇಕಾದ ಜಾಗದಲ್ಲಿ ಉಲ್ಲೇಖವನ್ನು ಸೇರಿಸಿ, ಕೊನೆಯಲ್ಲಿ ಪಟ್ಟಿಯನ್ನೂ ತಾನೇ ಸಿದ್ಧಪಡಿಸಿಕೊಡುವ ಗಣಕ ಸಾಧನಕ್ಕೆ ಉಲ್ಲೇಖ ನಿರ್ವಹಣಾ ತಂತ್ರಾಂಶವೆಂದು ಹೆಸರು. ಮಹಾಪ್ರಬಂಧವನ್ನು ಒಪ್ಪಿಸುವ ವಾರದಲ್ಲಿ ಪಟ್ಟಿಗೆ ಅಂದದ ರೂಪ ಕೊಡುವ ಉಪಕರಣವೆಂದೇ ಅನೇಕರು ಇದನ್ನು ಭಾವಿಸಿದ್ದಾರೆ. ವಾಸ್ತವವಾಗಿ ಇದರ ಬೆಲೆ ಇರುವುದು ಸಂಶೋಧನೆಯ ಮೊದಲ ದಿನದಲ್ಲಿ, ಪುಸ್ತಕವಿನ್ನೂ ಕೈಯಲ್ಲಿರುವಾಗಲೇ ಅದರ ವಿವರವನ್ನು ತಪ್ಪಿಲ್ಲದೆ ಬರೆದಿಡುವಂತೆ ಅದು ರೂಢಿಸುವ ಶಿಸ್ತಿನಲ್ಲಿ.

ಈ ಶಿಸ್ತು ಗಣಕಯಂತ್ರಕ್ಕಿಂತ ಬಹಳ ಹಳೆಯದು. ಓದಿದ್ದನ್ನು ಒಂದೇ ಅಳತೆಯ ಚೀಟಿಗಳಲ್ಲಿ ಬರೆದು, ಪ್ರತಿ ಚೀಟಿಯ ಮೇಲೂ ಗ್ರಂಥದ ಹೆಸರು, ಪುಟಸಂಖ್ಯೆಗಳನ್ನು ನಮೂದಿಸಿ, ಪೆಟ್ಟಿಗೆಗಳಲ್ಲಿ ಅಕಾರಾದಿಯಾಗಿ ಜೋಡಿಸಿಡುವ ಪದ್ಧತಿಯನ್ನು ಯುರೋಪಿನ ವಿದ್ವಾಂಸರು ಶತಮಾನಗಳ ಕಾಲ ಬಳಸಿದರು. 1995ರಲ್ಲಿ ಎಂಟನೆಯ ಸಂಪುಟದೊಂದಿಗೆ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಸಹ ಕಾವ್ಯ ಶಾಸನಗಳಿಂದ ಆಯ್ದ ಪ್ರಯೋಗಗಳನ್ನು ಆಕರಸಮೇತ ಚೀಟಿಗಳಲ್ಲಿ ಸಂಗ್ರಹಿಸಿದ ದುಡಿಮೆಯ ಫಲವೇ ಆಗಿದೆ. ಪ್ರಯೋಗವೊಂದು ಯಾವ ಕಾವ್ಯದ ಯಾವ ಆಶ್ವಾಸದ ಎಷ್ಟನೆಯ ಪದ್ಯದ್ದು ಎಂಬ ಸೂಚನೆ ಅಂದೇ ಚೀಟಿಯ ಮೇಲೆ ಬೀಳದಿದ್ದರೆ, ದಶಕಗಳ ನಂತರ ಮತ್ತೊಬ್ಬರು ಕುಳಿತು ಅದನ್ನು ಹುಡುಕಬೇಕಾಗುತ್ತಿತ್ತು.

ಗಣಕಯಂತ್ರಕ್ಕೆ ಈ ಕೆಲಸ ವರ್ಗಾವಣೆಯಾದದ್ದು 1980ರ ದಶಕದಲ್ಲಿ. ಗಣಿತ ಮತ್ತು ವಿಜ್ಞಾನ ಬರಹಗಳ ಅಕ್ಷರಜೋಡಣೆಗೆ ಬಳಕೆಯಾಗುವ ಲೇಟೆಕ್ ವ್ಯವಸ್ಥೆಯ ಜೊತೆಗೆ ಓರೆನ್ ಪಟಾಶ್ನಿಕ್ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಅವರು 1985ರಲ್ಲಿ ರೂಪಿಸಿದ ಬಿಬ್‌ಟೆಕ್, ಆಕರದ ವಿವರವನ್ನು ಒಂದು ಕಡತದಲ್ಲಿಯೂ ಅದನ್ನು ಅಚ್ಚಿಸುವ ರೂಪವನ್ನು ಮತ್ತೊಂದು ಕಡತದಲ್ಲಿಯೂ ಬೇರೆಬೇರೆಯಾಗಿಟ್ಟಿತು. ಮುಂದೆ ಬಂದ ತಂತ್ರಾಂಶಗಳೆಲ್ಲವೂ ಈ ತತ್ತ್ವವನ್ನೇ ಅನುಸರಿಸಿವೆ. ಹಣ ಕೊಟ್ಟು ಕೊಳ್ಳಬೇಕಾದ ಎಂಡ್‌ನೋಟ್, 2013ರಲ್ಲಿ ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ಪಾಲಾದ ಮೆಂಡಲೆ ಇವೆರಡೂ ಹೆಸರಾದವು. ಸಾಮಾನ್ಯ ಸಂಶೋಧಕರ ಪಾಲಿಗೆ ಇವುಗಳಿಗಿಂತ ಹೆಚ್ಚು ಉಪಕಾರಿಯಾದದ್ದು ಝೊಟೆರೊ. ಅಮೆರಿಕದ ವರ್ಜೀನಿಯಾ ರಾಜ್ಯದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ರಾಯ್ ರೋಸೆನ್ಸ್‌ವೈಗ್ ಸ್ಥಾಪಿಸಿದ್ದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರವು ಇದನ್ನು 2006ರಲ್ಲಿ ಬಿಡುಗಡೆ ಮಾಡಿತು. ದಿನವೂ ಹಳೆಯ ಕಾಗದಪತ್ರಗಳ ನಡುವೆ ಕೆಲಸ ಮಾಡುವ ಇತಿಹಾಸಕಾರರು ತಮ್ಮ ಅಗತ್ಯಕ್ಕೆ ಕಟ್ಟಿಕೊಂಡ ಸಾಧನವಾದ್ದರಿಂದ ಪತ್ರ, ಹಸ್ತಪ್ರತಿ, ಭಾಷಣ, ಸಂದರ್ಶನ, ನಕ್ಷೆಗಳಿಗೂ ಅದರಲ್ಲಿ ಪ್ರತ್ಯೇಕ ಸ್ಥಾನ ದೊರೆತಿದೆ. ಅದು ಉಚಿತವಾಗಿದೆ, ಅದರ ಮೂಲಸಂಕೇತವೂ ಎಲ್ಲರಿಗೆ ಮುಕ್ತವಾಗಿದೆ. ಎಂಡ್‌ನೋಟ್‌ನ ಒಡೆತನ ಹೊಂದಿದ್ದ ಥಾಮ್ಸನ್ ರಾಯಿಟರ್ಸ್, ತನ್ನ ಶೈಲಿ ಕಡತಗಳನ್ನು ಝೊಟೆರೊ ಓದುವಂತೆ ಮಾಡಿದ್ದು ಒಪ್ಪಂದದ ಉಲ್ಲಂಘನೆಯೆಂದು 2008ರಲ್ಲಿ ವಿಶ್ವವಿದ್ಯಾಲಯದ ವಿರುದ್ಧ ಒಂದು ಕೋಟಿ ಡಾಲರ್ ಪರಿಹಾರ ಕೋರಿ ಮೊಕದ್ದಮೆ ಹೂಡಿತ್ತು. ಮರುವರ್ಷ ನ್ಯಾಯಾಲಯ ಅದನ್ನು ವಜಾ ಮಾಡಿತು. ಅಲ್ಪವಿರಾಮ ಎಲ್ಲಿ, ಓರೆ ಅಕ್ಷರ ಎಲ್ಲಿ ಎಂದು ಹೇಳುವ ಕಡತಗಳಿಗಾಗಿ ಇಷ್ಟು ದೊಡ್ಡ ವ್ಯಾಜ್ಯ ನಡೆಯಿತೆಂದರೆ, ವಿದ್ವತ್ ಪ್ರಪಂಚದಲ್ಲಿ ಅವುಗಳಿಗಿರುವ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಕಾರ್ಯವಿಧಾನ ಸರಳವಾಗಿದೆ. ತಂತ್ರಾಂಶದಲ್ಲಿ ಪ್ರತಿ ಆಕರಕ್ಕೂ ಒಂದು ದಾಖಲೆ ಇರುತ್ತದೆ; ಅದರಲ್ಲಿ ಲೇಖಕ, ಸಂಪಾದಕ, ಅನುವಾದಕ, ಶೀರ್ಷಿಕೆ, ಸಂಪುಟ, ಆವೃತ್ತಿ, ಪ್ರಕಾಶಕ, ಸ್ಥಳ, ವರ್ಷ, ಪುಟ ಎಂದು ಬೇರೆಬೇರೆ ಅಂಕಣಗಳಿರುತ್ತವೆ. ಜಾಲದಲ್ಲಿ ಪ್ರಕಟವಾದ ಲೇಖನವನ್ನು ತೆರೆದು ಬ್ರೌಸರಿನ ಮೂಲೆಯಲ್ಲಿರುವ ಗುಂಡಿಯನ್ನು ಒತ್ತಿದರೆ ಈ ಅಂಕಣಗಳು ತಾವಾಗಿ ತುಂಬಿಕೊಳ್ಳುತ್ತವೆ. ಲೇಖನದ ಪಿಡಿಎಫ್ ಪ್ರತಿ ಸಿಗುವಂತಿದ್ದರೆ ಅದೂ ದಾಖಲೆಗೆ ಅಂಟಿಕೊಂಡು ಬರುತ್ತದೆ. ಪುಸ್ತಕವಾದರೆ ಅದರ ಐಎಸ್‌ಬಿಎನ್ ಸಂಖ್ಯೆಯನ್ನು, ಸಂಶೋಧನ ಲೇಖನವಾದರೆ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆಯನ್ನು ಕೊಟ್ಟರೂ ಸಾಕು, ತಂತ್ರಾಂಶವು ಗ್ರಂಥಾಲಯಗಳ ಮತ್ತು ಪ್ರಕಾಶಕರ ದತ್ತಾಂಶದಲ್ಲಿ ಹುಡುಕಿ ವಿವರಗಳನ್ನು ತಂದುಕೊಡುತ್ತದೆ. ಬರೆಯುವಾಗ ವರ್ಡ್ ಅಥವಾ ಲಿಬ್ರೆ ಆಫೀಸ್‌ನೊಳಗೆ ಕಾಣಿಸುವ ಪಟ್ಟಿಯಿಂದ ಬೇಕಾದ ಆಕರವನ್ನು ಆರಿಸಿ, ಪುಟಸಂಖ್ಯೆ ಕೊಟ್ಟರೆ ಉಲ್ಲೇಖ ಸೇರಿಕೊಳ್ಳುತ್ತದೆ. ಹೀಗೆ ಸೇರಿದ ಉಲ್ಲೇಖವು ಮೇಲ್ನೋಟಕ್ಕೆ ಬರಿಯ ಅಕ್ಷರಗಳಂತೆ ಕಂಡರೂ ಒಳಗೆ ಮೂಲ ದಾಖಲೆಯೊಂದಿಗೆ ಸಂಬಂಧವನ್ನು ಉಳಿಸಿಕೊಂಡಿರುತ್ತದೆ. ಆದ್ದರಿಂದ ದಾಖಲೆಯಲ್ಲಿ ವರ್ಷವನ್ನು ಒಮ್ಮೆ ತಿದ್ದಿದರೆ ಬರಹದುದ್ದಕ್ಕೂ ಅದು ತಿದ್ದಿಕೊಳ್ಳುತ್ತದೆ, ನಡುವೆ ಒಂದು ಅಡಿಟಿಪ್ಪಣಿಯನ್ನು ತೆಗೆದರೆ ಉಳಿದವುಗಳ ಸಂಖ್ಯೆ ಸರಿಹೋಗುತ್ತದೆ, ಉಲ್ಲೇಖಿಸದ ಪುಸ್ತಕ ಕೊನೆಯ ಪಟ್ಟಿಯಲ್ಲಿ ತಾನಾಗಿ ಬಂದು ಸೇರಿಕೊಳ್ಳುವುದಿಲ್ಲ.

ಮನೋವಿಜ್ಞಾನ ಮತ್ತು ಸಮಾಜವಿಜ್ಞಾನಗಳಲ್ಲಿ ಬಳಕೆಯಲ್ಲಿರುವ ಎಪಿಎ, ಸಾಹಿತ್ಯಾಧ್ಯಯನದ ಎಂಎಲ್‌ಎ, ಇತಿಹಾಸಕಾರರಿಗೆ ಪ್ರಿಯವಾದ ಶಿಕಾಗೊ, ವೈದ್ಯಕೀಯದ ವ್ಯಾಂಕೂವರ್ ಮುಂತಾದ ಉಲ್ಲೇಖ ಶೈಲಿಗಳ ನಿಯಮಗಳನ್ನು ಸಿಎಸ್ಎಲ್ ಎಂಬ ಸಮಾನ ಸಂಕೇತಭಾಷೆಯಲ್ಲಿ ಬರೆದಿಡಲಾಗಿದೆ. ಆ ಭಾಷೆಯಲ್ಲಿ ಈಗ 10,000ಕ್ಕೂ ಹೆಚ್ಚು ಶೈಲಿಗಳು ಉಚಿತವಾಗಿ ದೊರೆಯುತ್ತವೆ. ಒಂದು ಪತ್ರಿಕೆಗೆಂದು ಬರೆದ ಲೇಖನವನ್ನು ಮತ್ತೊಂದಕ್ಕೆ ಕಳುಹಿಸಬೇಕಾದಾಗ ಶೈಲಿಯ ಹೆಸರನ್ನು ಬದಲಿಸಿದರೆ ಸಾಕಾಗುತ್ತದೆ. ಹಿಂದೆ ಇದಕ್ಕೆ ದಿನಗಳೇ ಹಿಡಿಯುತ್ತಿದ್ದವು.

ಇಷ್ಟೆಲ್ಲ ಅನುಕೂಲಗಳಿದ್ದರೂ ಕನ್ನಡದ ಆಕರಗಳ ವಿಷಯದಲ್ಲಿ ಯಂತ್ರದ ನೆರವು ಅರ್ಧ ದಾರಿಗೇ ನಿಂತುಬಿಡುತ್ತದೆ. ಐಎಸ್‌ಬಿಎನ್ ಪದ್ಧತಿ ಬಳಕೆಗೆ ಬರುವ ಮೊದಲೇ ಅಚ್ಚಾದ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ. ಹಳೆಯ ನಿಯತಕಾಲಿಕೆಗಳ ಲೇಖನಗಳಿಗೆ ಡಿಒಐ ಇಲ್ಲ. ಆದ್ದರಿಂದ ‘ಪ್ರಬುದ್ಧ ಕರ್ಣಾಟಕ’ದ ಹಳೆಯ ಸಂಚಿಕೆಯೊಂದರ ಲೇಖನವನ್ನು ಬಳಸುವವರು ಸಂಪುಟ, ಸಂಚಿಕೆ, ಪುಟಗಳನ್ನು ಕೈಯಾರೆ ತುಂಬಬೇಕಾಗುತ್ತದೆ. ಪುಸ್ತಕದಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗುತ್ತದೆ: ಪ್ರಭವ ಸಂವತ್ಸರವೆಂದರೆ 1927–28 ಆಗಬಹುದು, ಅರವತ್ತು ವರ್ಷಗಳ ಚಕ್ರ ಮತ್ತೆ ತಿರುಗಿದಾಗಿನ 1987–88 ಕೂಡ ಆಗಬಹುದು. ಕ್ರಿಸ್ತಶಕದ ವರ್ಷವನ್ನು ನಿರ್ಧರಿಸಿ ವರ್ಷದ ಅಂಕಣದಲ್ಲಿ ಬರೆದು, ಪುಸ್ತಕದಲ್ಲಿರುವ ಸಂವತ್ಸರವನ್ನು ಟಿಪ್ಪಣಿಯ ಅಂಕಣದಲ್ಲಿ ಹಾಗೆಯೇ ಉಳಿಸಿಕೊಂಡರೆ ಮುಂದೆ ಯಾರಾದರೂ ಆ ನಿರ್ಧಾರವನ್ನು ಪರಿಶೀಲಿಸಬಹುದು. ಮುದ್ರಣ ಮತ್ತು ಆವೃತ್ತಿಗಳ ನಡುವಣ ವ್ಯತ್ಯಾಸಕ್ಕೂ ಇದೇ ಎಚ್ಚರ ಬೇಕು. ಅದೇ ಪಠ್ಯವನ್ನು ಮತ್ತೆ ಅಚ್ಚು ಹಾಕಿದರೆ ಅದು ಮರುಮುದ್ರಣ, ಪಠ್ಯವನ್ನೇ ತಿದ್ದಿ ವಿಸ್ತರಿಸಿದರೆ ಅದು ಪರಿಷ್ಕೃತ ಆವೃತ್ತಿ; ಅನೇಕ ಕನ್ನಡ ಪ್ರಕಾಶಕರು ಇವೆರಡಕ್ಕೂ ‘ಎರಡನೆಯ ಮುದ್ರಣ’ ಎಂದೇ ಹಾಕುವುದರಿಂದ ಮುನ್ನುಡಿಯನ್ನು ಓದಿಯೇ ತೀರ್ಮಾನಿಸಬೇಕಾಗುತ್ತದೆ. ಈ ತೀರ್ಮಾನವನ್ನು ಯಾವ ತಂತ್ರಾಂಶವೂ ಮಾಡಲಾರದು.

ಎಲ್ಲಕ್ಕಿಂತ ಹೆಚ್ಚಿನ ತೊಡಕು ಲೇಖಕರ ಹೆಸರಿನಲ್ಲಿದೆ. ಪಾಶ್ಚಾತ್ಯ ಪದ್ಧತಿಯಂತೆ ಈ ತಂತ್ರಾಂಶಗಳು ಹೆಸರನ್ನು ಕುಲನಾಮ ಮತ್ತು ಕೊಟ್ಟ ಹೆಸರು ಎಂದು ಎರಡು ಭಾಗ ಮಾಡುತ್ತವೆ. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡ ಅಸಂಖ್ಯ ಕನ್ನಡ ಹೆಸರುಗಳಿಗೆ ಈ ವಿಭಾಗ ಒಗ್ಗುವುದಿಲ್ಲ. ಕನ್ನಡದ ಗ್ರಂಥಸೂಚಿಗಳು ‘ನರಸಿಂಹಾಚಾರ್ ಡಿ. ಎಲ್.’ ಎಂದು ಮುಖ್ಯ ಹೆಸರನ್ನು ಮೊದಲಿಟ್ಟು ಅಕಾರಾದಿ ಮಾಡುವುದರಿಂದ, ಮುಖ್ಯ ಹೆಸರನ್ನು ಕುಲನಾಮದ ಅಂಕಣದಲ್ಲಿಯೂ ಮೊದಲಕ್ಷರಗಳನ್ನು ಇನ್ನೊಂದರಲ್ಲಿಯೂ ಹಾಕುವುದು ಸೂಕ್ತ. ಕುವೆಂಪು, ಶ್ರೀರಂಗ ಮುಂತಾದ ಕಾವ್ಯನಾಮಗಳನ್ನು ಎರಡಾಗಿ ಒಡೆಯದೆ ಒಂದೇ ಅಂಕಣದಲ್ಲಿ ಬರೆಯುವ ಅವಕಾಶ ಝೊಟೆರೊದಲ್ಲಿದೆ. ಗೌರವದಿಂದ ‘ಡಾ.’ ಅಥವಾ ‘ಪ್ರೊ.’ ಎಂಬುದನ್ನು ಹೆಸರಿನ ಮೊದಲಿಗೇ ಸೇರಿಸಿಬಿಟ್ಟರೆ ಹತ್ತಾರು ವಿದ್ವಾಂಸರು ‘ಡ’ಕಾರದಲ್ಲಿಯೋ ‘ಪ’ಕಾರದಲ್ಲಿಯೋ ಸಾಲಾಗಿ ಬಂದು ನಿಲ್ಲುತ್ತಾರೆ, ಗೌರವಸೂಚಕ ‘ಅವರು’ ಬರಹದ ವಾಕ್ಯದಲ್ಲಿರಲಿ, ದಾಖಲೆಯಲ್ಲಿ ಬೇಡ.

ಕನ್ನಡ ಸಾಹಿತ್ಯಚರಿತ್ರೆಯನ್ನು ಕುರಿತ ಯಾವುದೇ ಪ್ರಬಂಧದಲ್ಲಿ ಒಟ್ಟಿಗೆ ಬರಬಹುದಾದ ಇಬ್ಬರ ಹೆಸರನ್ನು ಇಲ್ಲಿ ನಿದರ್ಶನವಾಗಿ ನೋಡಬಹುದು. 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಬಂದ ‘ಕರ್ಣಾಟಕ ಕವಿಚರಿತೆ’ಯನ್ನೂ ಮೇಲೆ ಹೇಳಿದ ಶ್ರವಣಬೆಳಗೊಳದ ಪರಿಷ್ಕೃತ ಸಂಪುಟವನ್ನೂ ಸಿದ್ಧಪಡಿಸಿದವರು ಆರ್. ನರಸಿಂಹಾಚಾರ್; ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದವರು ಅವರಿಗಿಂತ ಒಂದು ತಲೆಮಾರು ಈಚಿನ ಡಿ. ಎಲ್. ನರಸಿಂಹಾಚಾರ್. ಎರಡು ದಾಖಲೆಗಳಲ್ಲಿ ಮುಖ್ಯ ಹೆಸರು ಒಂದೇ ಆಗಿ ಮೊದಲಕ್ಷರಗಳು ಬೇರೆಯಾಗಿದ್ದರೆ, ಹಲವು ಶೈಲಿಗಳಲ್ಲಿ ತಂತ್ರಾಂಶವು ಇವರು ಬೇರೆಬೇರೆ ವ್ಯಕ್ತಿಗಳೆಂದು ಗುರುತಿಸಿ, ಆವರಣದೊಳಗಿನ ಉಲ್ಲೇಖದಲ್ಲಿ ಮೊದಲಕ್ಷರಗಳನ್ನು ತಾನೇ ಸೇರಿಸುತ್ತದೆ. ಆದರೆ ಕವಿಚರಿತೆಯ ಲೇಖಕರನ್ನೇ ಒಂದು ದಾಖಲೆಯಲ್ಲಿ ನರಸಿಂಹಾಚಾರ್, ಮತ್ತೊಂದರಲ್ಲಿ ನರಸಿಂಹಾಚಾರ್ಯ, ಮೂರನೆಯದರಲ್ಲಿ ನರಸಿಂಹಾಚಾರ್ಯರು ಎಂದು ಬರೆದಿಟ್ಟರೆ, ಒಬ್ಬ ವಿದ್ವಾಂಸರು ಪಟ್ಟಿಯಲ್ಲಿ ಮೂವರಾಗುತ್ತಾರೆ. ಪುಸ್ತಕದ ಮುಖಪುಟಗಳಲ್ಲಿಯೇ ಈ ರೂಪಗಳು ಬದಲಾಗುವುದುಂಟು. ಲೇಖಕರ ಹೆಸರಿಗೆ ಒಂದು ರೂಪವನ್ನು ಆರಿಸಿ ಎಲ್ಲ ದಾಖಲೆಗಳಲ್ಲಿಯೂ ಅದನ್ನೇ ಬಳಸುವುದು ಗ್ರಂಥಪಾಲಕರು ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಸಂಶೋಧಕರೂ ಅದನ್ನು ಮೊದಲ ದಿನವೇ ಮಾಡಿಕೊಳ್ಳಬೇಕು. ರೋಮನ್ ಲಿಪಿಯ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಶೈಲಿಗಳಲ್ಲಿ ಕನ್ನಡ ಹೆಸರುಗಳ ನಡುವಿನ ಅಲ್ಪವಿರಾಮ ಮತ್ತು ಅಂತರ ನಿರೀಕ್ಷಿಸಿದಂತೆ ಬೀಳದಿರಬಹುದು. ಬರಹದ ಭಾಷೆಯನ್ನು ಇಂಗ್ಲಿಷ್ ಎಂದು ಇಟ್ಟಿದ್ದರೆ ‘ಸಂ.’, ‘ಅನು.’, ‘ಮತ್ತು’ ಇರಬೇಕಾದಲ್ಲಿ ಇಂಗ್ಲಿಷ್ ಪದಗಳು ಬರುತ್ತವೆ. ಸಿದ್ಧವಾದ ಪಟ್ಟಿಯ ಮೇಲೆ ಮನುಷ್ಯನ ಕಣ್ಣು ಹಾಯಲೇಬೇಕು.

ಲಿಪಿಯ ಸಂಗತಿಯೂ ಇಲ್ಲಿ ಮುಖ್ಯವಾಗುತ್ತದೆ. ನುಡಿ, ಬರಹ ಮೊದಲಾದ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡವು ಗಣಕದ ಒಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳಾಗಿಯೇ ಉಳಿದು, ಆ ಫಾಂಟ್ ಹಚ್ಚಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಅಂಥ ಪಠ್ಯವನ್ನು ಉಲ್ಲೇಖ ತಂತ್ರಾಂಶಕ್ಕೆ ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ, ಹುಡುಕಾಟವಾಗಲಿ ಅಕಾರಾದಿ ಜೋಡಣೆಯಾಗಲಿ ಸಾಧ್ಯವಾಗುವುದಿಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವನ್ನು ಕೊಡುವ ಯೂನಿಕೋಡ್‌ನಲ್ಲಿಯೇ ದಾಖಲೆಗಳನ್ನು ಬರೆಯಬೇಕು. ಹಳೆಯ ಕಡತಗಳಲ್ಲಿರುವ ಪಟ್ಟಿಗಳನ್ನು ಪರಿವರ್ತಕಗಳ ಮೂಲಕ ಯೂನಿಕೋಡ್‌ಗೆ ತಂದುಕೊಂಡು ಒತ್ತಕ್ಷರಗಳನ್ನು ಒಮ್ಮೆ ಪರಿಶೀಲಿಸಬೇಕು. ಲೇಟೆಕ್ ಬಳಸುವವರು ಹಳೆಯ ಬಿಬ್‌ಟೆಕ್‌ನ ಬದಲಿಗೆ ಯೂನಿಕೋಡ್ ಅರಿಯುವ ಬೈಬರ್ ಎಂಬ ಸಾಧನವನ್ನು ಆಶ್ರಯಿಸಿದರೆ ಕನ್ನಡದ ಅಕ್ಷರಕ್ರಮ ಸರಿಯಾಗಿ ಬರುತ್ತದೆ.

ಆಕರದ ಪ್ರಾಮಾಣಿಕತೆ ಈಗ ಕಾನೂನಿನ ವಿಷಯವೂ ಆಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇಕಡ 10ರವರೆಗೆ ಇದ್ದರೆ ದಂಡವಿಲ್ಲ. 40ರವರೆಗೆ ಇದ್ದರೆ ಮಹಾಪ್ರಬಂಧವನ್ನು ತಿದ್ದಿ ಒಪ್ಪಿಸಬೇಕು. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಸರಿಯಾದ ಉಲ್ಲೇಖದೊಂದಿಗೆ ಉದ್ಧರಿಸಿದ ಭಾಗಗಳನ್ನು ಈ ಲೆಕ್ಕದಿಂದ ಹೊರಗಿಡಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಕೃತಿಚೌರ್ಯವೆಂದು ಕಾಣುವ ಎಷ್ಟೋ ಪ್ರಕರಣಗಳಲ್ಲಿ ದುರುದ್ದೇಶಕ್ಕಿಂತ ಅಸ್ತವ್ಯಸ್ತವಾದ ಟಿಪ್ಪಣಿಯ ಪಾತ್ರವೇ ದೊಡ್ಡದಿರುತ್ತದೆ: ಪುಸ್ತಕದಿಂದ ಬರೆದುಕೊಂಡ ಸಾಲುಗಳಿಗೆ ಉದ್ಧರಣ ಚಿಹ್ನೆಯನ್ನೂ ಪುಟಸಂಖ್ಯೆಯನ್ನೂ ಹಾಕದೆ ಬಿಟ್ಟರೆ, ಎರಡು ವರ್ಷಗಳ ನಂತರ ಅವು ಸ್ವಂತ ಮಾತಿನಂತೆಯೇ ಕಾಣುತ್ತವೆ. ತಂತ್ರಾಂಶದಲ್ಲಿ ಪ್ರತಿ ಟಿಪ್ಪಣಿಯೂ ಆಕರದ ದಾಖಲೆಗೆ ಕಟ್ಟಿಕೊಂಡೇ ಇರುವುದರಿಂದ ಈ ಮರೆವಿಗೆ ಎಡೆ ಕಡಿಮೆ.

ಹಿಂತೆಗೆದುಕೊಂಡ ಲೇಖನಗಳ ವಿಷಯದಲ್ಲಿಯೂ ಈ ತಂತ್ರಾಂಶಗಳು ಓದುಗರನ್ನು ಕಾಯುತ್ತವೆ. ಲಸಿಕೆಗೂ ಆಟಿಸಂಗೂ ನಂಟಿದೆಯೆಂದು ಸೂಚಿಸಿ 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತಾದರೂ, ಅದರ ಹಳೆಯ ಪ್ರತಿಯನ್ನು ಇಟ್ಟುಕೊಂಡವರಿಗೆ ಈ ಸಂಗತಿ ತಿಳಿಯುವ ಖಾತರಿಯಿಲ್ಲ. ರಿಟ್ರಾಕ್ಷನ್ ವಾಚ್ ಸಂಸ್ಥೆಯ ದತ್ತಾಂಶದೊಂದಿಗೆ 2019ರಿಂದ ಜೋಡಿಸಿಕೊಂಡಿರುವ ಝೊಟೆರೊ, ಇಂಥ ಲೇಖನ ಸಂಗ್ರಹದಲ್ಲಿದ್ದರೆ ಕೆಂಪು ಗುರುತಿನಿಂದ ಎಚ್ಚರಿಸುತ್ತದೆ. ಇಲ್ಲದ ಗ್ರಂಥಗಳಿಗೂ ನಂಬುವಂಥ ಹೆಸರು ಕೊಟ್ಟು ಉಲ್ಲೇಖ ಸೃಷ್ಟಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಳಕೆಗೆ ಬಂದ ಮೇಲಂತೂ ಈ ಜಾಗರೂಕತೆ ಇನ್ನಷ್ಟು ಅಗತ್ಯವಾಗಿದೆ. ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಅಂಥ ಸಾಧನದಿಂದ ಪಡೆದು ನ್ಯಾಯಾಲಯಕ್ಕೆ ಸಲ್ಲಿಸಿದ್ದಕ್ಕಾಗಿ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿದ್ದಿತು. ಸ್ವತಃ ತೆರೆದು ನೋಡಿದ ಆಕರವನ್ನು ಮಾತ್ರ ಸಂಗ್ರಹಕ್ಕೆ ಸೇರಿಸುವವರಿಗೆ ಈ ಅಪಾಯ ತಟ್ಟುವುದಿಲ್ಲ.

ಯಾವ ತಂತ್ರಾಂಶವನ್ನು ಆರಿಸಬೇಕೆಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಸಂಗ್ರಹವನ್ನು ಆರ್‌ಐಎಸ್ ಅಥವಾ ಬಿಬ್‌ಟೆಕ್ ರೂಪದಲ್ಲಿ ಹೊರತೆಗೆದು ಇನ್ನೊಂದಕ್ಕೆ ಸಾಗಿಸುವ ಅವಕಾಶ ಇರಬೇಕು, ಅಷ್ಟೇ. ಝೊಟೆರೊ ತನ್ನ ಸರ್ವರ್‌ನಲ್ಲಿ ಕಡತಗಳಿಗೆ 300 ಎಂಬಿ ಜಾಗವನ್ನು ಮಾತ್ರ ಉಚಿತವಾಗಿ ಕೊಡುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಪ್ರತಿಗಳು ಭಾರವಾದ್ದರಿಂದ ಅವನ್ನು ಸ್ವಂತ ಗಣಕದಲ್ಲಿಯೂ ಬೇರೊಂದು ಡ್ರೈವ್‌ನಲ್ಲಿಯೂ ಇಟ್ಟುಕೊಂಡು, ಬರಿಯ ವಿವರಗಳನ್ನು ಜಾಲದಲ್ಲಿ ಉಳಿಸುವುದು ಲೇಸು. ಹಲವರು ಸೇರಿ ಒಂದೇ ಸಂಗ್ರಹವನ್ನು ಬೆಳೆಸುವ ಗುಂಪಿನ ಸೌಲಭ್ಯವೂ ಝೊಟೆರೊದಲ್ಲಿದೆ. ವಿಶ್ವವಿದ್ಯಾಲಯವೊಂದರ ಕನ್ನಡ ವಿಭಾಗವು ವರ್ಷವರ್ಷವೂ ತನ್ನ ಸಂಶೋಧಕರು ಸಿದ್ಧಪಡಿಸುವ ದಾಖಲೆಗಳನ್ನು ಹೀಗೆ ಒಂದೆಡೆ ಸೇರಿಸುತ್ತ ಬಂದರೆ, ಇಂದು ಯಾವ ದತ್ತಾಂಶದಲ್ಲಿಯೂ ಸಿಗದ ಕನ್ನಡ ಆಕರಗಳ ವಿಶ್ವಾಸಾರ್ಹ ಸೂಚಿಯೊಂದು ತಾನಾಗಿ ರೂಪುಗೊಳ್ಳುತ್ತದೆ. ಈಗಿರುವ ಸ್ಥಿತಿಯಲ್ಲಿ ಒಂದೇ ಕವಿಚರಿತೆಯ ವಿವರವನ್ನು ಪ್ರತಿಯೊಬ್ಬರೂ ಮೊದಲಿನಿಂದ ಟೈಪ್ ಮಾಡುತ್ತಿದ್ದಾರೆ, ಪ್ರತಿಯೊಬ್ಬರೂ ತಮ್ಮದೇ ತಪ್ಪುಗಳನ್ನು ಸೇರಿಸುತ್ತಿದ್ದಾರೆ.

ಬರಹ ಪುಸ್ತಕವಾಗಿ ಅಚ್ಚಿಗೆ ಹೋಗುವ ಹಂತದಲ್ಲಿ ಕೊನೆಯದೊಂದು ಎಚ್ಚರಿಕೆ ಬೇಕಾಗುತ್ತದೆ. ಕನ್ನಡದ ಅನೇಕ ಅಚ್ಚಿನ ಮನೆಗಳಲ್ಲಿ ಪುಟವಿನ್ಯಾಸಕ್ಕೆ ಬೇರೆ ತಂತ್ರಾಂಶಗಳು ಬಳಕೆಯಲ್ಲಿದ್ದು, ವರ್ಡ್ ಕಡತದೊಳಗಿನ ಜೀವಂತ ಉಲ್ಲೇಖಗಳು ಅಲ್ಲಿ ಸರಿಯಾಗಿ ತೆರೆದುಕೊಳ್ಳದೆ ಹೋಗಬಹುದು. ಆದ್ದರಿಂದ ಮೂಲ ಕಡತವನ್ನು ಹಾಗೆಯೇ ಕಾಪಿಟ್ಟು, ಅದರ ನಕಲಿನಲ್ಲಿ ಮಾತ್ರ ಉಲ್ಲೇಖಗಳ ಕೊಂಡಿ ಕಳಚಿ ಸಾದಾ ಪಠ್ಯವಾಗಿಸಿ ಕಳುಹಿಸಬೇಕು. ಪುಟವಿನ್ಯಾಸಕ್ಕಾಗಿ ಯೂನಿಕೋಡ್ ಪಠ್ಯವನ್ನು ಹಳೆಯ ಫಾಂಟ್‌ಗೆ ಬದಲಾಯಿಸುವ ಕಡೆಗಳಲ್ಲಿ ಆ ಫಾಂಟ್ ಇಂಗ್ಲಿಷ್ ಶೀರ್ಷಿಕೆಗಳಿಗೂ ಹತ್ತಿಕೊಂಡು ಅವು ಅರ್ಥಹೀನ ಕನ್ನಡ ಚೂರುಗಳಾಗುವುದರಿಂದ, ಎರಡು ಲಿಪಿಗಳು ಬೆರೆತಿರುವ ಗ್ರಂಥಋಣದ ಪುಟಗಳ ಕರಡಚ್ಚನ್ನು ಲೇಖಕರೇ ತರಿಸಿಕೊಂಡು, ತಂತ್ರಾಂಶದಲ್ಲಿರುವ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ನೋಡಬೇಕು.